ತಂತಿಯ ಸದ್ದು ಮುಗಿಯುವ ತನಕ

(ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ. ಧ್ವನಿಮುದ್ರಿಕೆ ಕೇಳಿಸಿದ ಜಾಗಗಳನ್ನು ಕಂಸದಲ್ಲಿ ಸೂಚಿಸಿದೆ.)



ಸಂಗೀತ, ಸ್ವಾತಂತ್ರ್ಯ ಎಂಬ ಎರಡು ಮಾತು ಜೊತೆಯಾಗಿ ಬಂದರೆ ದುರ್ಗದವರಿಗೆ ಮೊದಲು ನೆನಪಾಗುವವನು ಭೈರವಿ ವೆಂಕಟಸುಬ್ಬಯ್ಯ. ತ.ರಾ.ಸು. ಅವರು 1952ರಲ್ಲಿ 'ಹಂಸಗೀತೆ' ಕಾದಂಬರಿಯಲ್ಲಿ, ಜಿ.ವಿ. ಅಯ್ಯರ್ ಅವರು 1975ರಲ್ಲಿ ಅದೇ ಹೆಸರಿನ ಸಿನಿಮಾದಲ್ಲಿ ನಮಗೆ ಕೊಟ್ಟ ಗಾಯಕ ಅವನು. ಅಪ್ಪಣೆಯಾಯಿತೆಂದು ಹಾಡುವುದಕ್ಕಿಂತ ನಾಲಿಗೆ ಕಳೆದುಕೊಳ್ಳುವುದೇ ಮೇಲು ಎಂದು ತೀರ್ಮಾನಿಸಿದವನು. ಯಾರ ಮುಂದೆ ಹಾಡಬೇಕು, ಯಾರ ಮುಂದೆ ಹಾಡಬಾರದು ಎಂಬುದು ಅವನ ಸಂಕಟ. ನಾನು ಇವತ್ತು ಹೇಳಹೊರಟಿರುವ ಸಂಗೀತಗಾರರ ಸಂಕಟ ಬೇರೆ. ಗೊತ್ತಿರುವ ಧಾಟಿ, ಗೊತ್ತಿರುವ ಲಯ, ಮೊದಲೇ ಒಪ್ಪಿಕೊಂಡ ಸ್ವರಗಳ ವ್ಯವಸ್ಥೆ ಇವೆಲ್ಲವನ್ನೂ ಕೆಳಗಿಟ್ಟ ಮೇಲೆ ಕೈಯಲ್ಲಿ ಏನು ಉಳಿಯುತ್ತದೆ? ಉಳಿದದ್ದನ್ನು ನಾಲ್ಕು ಜನರ ಮುಂದೆ ಪ್ರಾಮಾಣಿಕವಾಗಿ ನುಡಿಸಬಹುದೇ?

ಆ ಸಂಗೀತಕ್ಕೆ ಫ್ರೀ ಜಾಝ್ ಎಂಬ ಹೆಸರಿದೆ. ಅದರೊಳಗೂ ನಾನು ಆರಿಸಿಕೊಂಡಿರುವುದು ಒಂದು ಸಣ್ಣ ಮೂಲೆಯನ್ನು: ಕ್ಲೀನ್ ಟೋನಿನಲ್ಲಿ, ಅಂದರೆ ಯಾವ ಎಫೆಕ್ಟಿನ ಬಣ್ಣವನ್ನೂ ಬಳಿಯದೆ, ತಂತಿಯ ಸದ್ದನ್ನು ಇದ್ದಂತೆಯೇ ಆಂಪ್ಲಿಫೈಯರಿಗೆ ಕೊಟ್ಟು ನುಡಿಸುವ ಫ್ರೀ ಜಾಝ್ ಗಿಟಾರ್. ಈ ಸಂಗೀತ ಕಷ್ಟ ಎಂದು ಕೇಳುವ ಮೊದಲೇ ಕೈಬಿಡುವವರು ಬಹಳ. ಮೀಟಿದ ತಂತಿಯನ್ನು ಕೇಳುತ್ತ ಬೆಳೆದ ಕನ್ನಡದ ಕಿವಿಗೆ ಇದು ದೂರದ್ದಲ್ಲ ಎಂಬುದು ನನ್ನ ನಂಬಿಕೆ. ಅದನ್ನು ನಿಮಗೂ ಒಪ್ಪಿಸಬೇಕೆಂದೇ ಬಂದಿದ್ದೇನೆ.

ಇತಿಹಾಸ ಸ್ವಲ್ಪ ಹೇಳಿಬಿಡುತ್ತೇನೆ. 1960ರ ಡಿಸೆಂಬರ್ 21ರಂದು ನ್ಯೂಯಾರ್ಕಿನಲ್ಲಿ ಆರ್ನೆಟ್ ಕೋಲ್ಮನ್ ಎಂಬ ಸ್ಯಾಕ್ಸೊಫೋನ್ ವಾದಕ ಎರಡು ಚೌಕಡಿಗಳನ್ನು, ಅಂದರೆ ಎಂಟು ಜನರನ್ನು, ಒಟ್ಟಿಗೆ ಕೂರಿಸಿ ಸುಮಾರು 37 ನಿಮಿಷದ ಒಂದೇ ಕೃತಿಯನ್ನು ಮುದ್ರಿಸಿದ. ಮರುವರ್ಷ ಹೊರಬಂದ ಆ ರೆಕಾರ್ಡಿನ ಹೆಸರೇ 'ಫ್ರೀ ಜಾಝ್'. ಅದರಲ್ಲಿ ಗಿಟಾರ್ ಇಲ್ಲ. ಆದರೆ ಅದಕ್ಕೂ ಹನ್ನೊಂದು ವರ್ಷ ಮೊದಲು, 1949ರ ಮೇ ತಿಂಗಳಲ್ಲಿ, ಪಿಯಾನೊ ವಾದಕ ಲೆನಿ ಟ್ರಿಸ್ಟಾನೊ ತನ್ನ ಗೆಳೆಯರೊಡನೆ 'ಇಂಟ್ಯೂಷನ್', 'ಡೈಗ್ರೆಷನ್' ಎಂಬ ಎರಡು ಚಿಕ್ಕ ತುಣುಕುಗಳನ್ನು ನುಡಿಸಿದ್ದ. ಶ್ರುತಿಯಿಲ್ಲ, ಲಯವಿಲ್ಲ, ಧಾಟಿಯಿಲ್ಲ. ಯಾರಾದ ಮೇಲೆ ಯಾರು ಒಳಬರಬೇಕು ಎಂಬುದಷ್ಟೇ ಮಾತಾಗಿತ್ತು. ಡ್ರಮ್ಸ್ ಕೂಡ ಇಲ್ಲದ ಆ ತುಣುಕುಗಳಲ್ಲಿ ಒಂದು ಗಿಟಾರ್ ಇದೆ, ಬಿಲ್ಲಿ ಬಾವರ್ ಅವರದು. ಮೆತ್ತಗಿನ, ಸ್ವಚ್ಛ ಸದ್ದು. ಹೀಗಾಗಿ ಮುಕ್ತ ಸಂಗೀತದ ಮೊದಲ ಮುದ್ರಣಗಳೆಂದು ಹಲವರು ಹೇಳುವ ಆ ಕೆಲವು ನಿಮಿಷಗಳಲ್ಲೇ ನಮ್ಮ ವಿಷಯ ಹಾಜರಿದೆ.

ಗಿಟಾರಿನ ಸದ್ದಿನ ಬಗ್ಗೆ ನಾಲ್ಕು ಮಾತು ನಿಧಾನವಾಗಿ ಹೇಳಬೇಕು. ಮುಂದಿನದ್ದೆಲ್ಲ ಅದರ ಮೇಲೇ ನಿಂತಿದೆ.

ಪಿಟೀಲಿಗೆ ಕಮಾನಿದೆ, ಕೊಳಲಿಗೆ ಉಸಿರಿದೆ. ಸ್ವರ ಹುಟ್ಟಿದ ಮೇಲೂ ಅದಕ್ಕೆ ಶಕ್ತಿ ತುಂಬುತ್ತಲೇ ಇರಬಹುದು. ಮೀಟಿದ ತಂತಿಗೆ ಆ ಭಾಗ್ಯವಿಲ್ಲ. ಬೆರಳು ಬಿಟ್ಟ ಗಳಿಗೆಯಲ್ಲಿ ಸದ್ದು ಜೋರಾಗಿ ಎದ್ದು, ಆಮೇಲಿನದ್ದೆಲ್ಲ ಇಳಿಯುವುದೇ. 1936ರಲ್ಲಿ ಗಿಬ್ಸನ್ ಕಂಪನಿ ಇಎಸ್-150 ಎಂಬ ಎಲೆಕ್ಟ್ರಿಕ್ ಗಿಟಾರನ್ನು ಮಾರುಕಟ್ಟೆಗೆ ತಂದಿತು; 1939ರಿಂದ ಬೆನ್ನಿ ಗುಡ್‌ಮನ್ ತಂಡದಲ್ಲಿ ಚಾರ್ಲಿ ಕ್ರಿಶ್ಚಿಯನ್ ಎಂಬ ಹುಡುಗ ಅದನ್ನು ಸ್ಯಾಕ್ಸೊಫೋನಿಗೆ ಸಮನಾಗಿ ನಿಲ್ಲಿಸಿದ. ಇಪ್ಪತ್ತೈದು ತುಂಬಿದವನು 1942ರಲ್ಲಿ ತೀರಿಕೊಂಡ. ಆಂಪ್ಲಿಫೈಯರ್ ಆಗ ಮಾಡಿದ್ದು ಒಂದೇ ಕೆಲಸ: ತಂತಿಯ ಸದ್ದನ್ನು ದೊಡ್ಡದು ಮಾಡಿದ್ದು. ಅದರ ಏರಿಳಿತವನ್ನು ಹಾಗೇ ಬಿಟ್ಟಿತ್ತು.

ಮುಂದೆ ರಾಕ್ ಸಂಗೀತದವರು ಅದೇ ಆಂಪಿನಿಂದ ಬೇರೆ ಕೆಲಸ ತೆಗೆದರು. ಯಂತ್ರದ ತಾಕತ್ತಿಗೆ ಮೀರಿದ ಸಿಗ್ನಲ್ ಕೊಟ್ಟಾಗ ಅಲೆಯ ತುದಿಗಳು ಕತ್ತರಿಸಿಹೋಗುತ್ತವೆ. ಆಗ ಸ್ವರದ ಜೋರಾದ ಆರಂಭವೂ ಸೊರಗಿದ ಕೊನೆಯೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಹೊರಬರುತ್ತವೆ. ತಂತಿ ಸೋತರೂ ಸದ್ದು ಸೋಲುವುದಿಲ್ಲ. ಡಿಸ್ಟಾರ್ಷನ್ ಎನ್ನುವುದು ಇದನ್ನೇ. ಇದರ ಜೊತೆಗೆ ಇನ್ನೊಂದು ಪರಿಣಾಮವೂ ಬರುತ್ತದೆ. ಎರಡು ಸ್ವರಗಳನ್ನು ಒಟ್ಟಿಗೆ ಕೊಟ್ಟರೆ, ಅವುಗಳ ಕಂಪನಸಂಖ್ಯೆಗಳನ್ನೂ ಆ ಸಂಖ್ಯೆಗಳ ದುಪ್ಪಟ್ಟನ್ನೂ ಕೂಡಿ, ಕಳೆದು ಬರುವ ಹೊಸ ಸ್ವರಗಳೂ ಅದರೊಳಗೆ ಹುಟ್ಟುತ್ತವೆ. ಷಡ್ಜ 200, ಪಂಚಮ 300 ಎಂದಿಟ್ಟುಕೊಳ್ಳಿ. ಹೊಸದಾಗಿ ಬರುವ 100, 500 ಆ ಜೋಡಿಗೆ ಹೊಂದಿಕೊಂಡೇ ಇರುತ್ತವೆ. ರಾಕ್ ಗಿಟಾರಿನವರಿಗೆ ಷಡ್ಜ-ಪಂಚಮದ ಜೋಡಿ ಅಷ್ಟು ಪ್ರಿಯವಾಗಿರುವುದು ಇದೇ ಕಾರಣಕ್ಕೆ. ಅದೇ ಷಡ್ಜದ ಪಕ್ಕಕ್ಕೆ ಅರ್ಧ ಸ್ವರದಷ್ಟೇ ಮೇಲಿರುವ 212ನ್ನು ಇಟ್ಟರೆ 188, 224, 412 ಎಂದು ಸಂಬಂಧವಿಲ್ಲದ ಸ್ವರಗಳು ನುಗ್ಗಿ ಎಲ್ಲವೂ ರಾಡಿಯಾಗುತ್ತದೆ.

ಮುಕ್ತವಾಗಿ ನುಡಿಸುವವನಿಗೆ ಬೇಕಾಗಿರುವುದು ಸಂಬಂಧವಿಲ್ಲದಂತೆ ಕಾಣುವ ಸ್ವರಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡುವ ಅವಕಾಶವೇ. ಒಟ್ಟಿಗೆ ಇಟ್ಟ ಷಡ್ಜ ಮತ್ತು ಶುದ್ಧ ರಿಷಭ ಎರಡೂ ಬೇರೆಬೇರೆಯಾಗಿ ಕೇಳಬೇಕು. ಅವುಗಳ ನಡುವಿನ ಉಜ್ಜಾಟವೂ ಕೇಳಬೇಕು. ಮೊದಲು ಯಾವುದು ಸಾಯುತ್ತದೆ ಎಂಬುದೂ ತಿಳಿಯಬೇಕು. ಅದಕ್ಕೆ ಕ್ಲೀನ್ ಟೋನೇ ಆಗಬೇಕು. ಸನಿ ಶಾರಕ್ ಅವರಂಥ ದೊಡ್ಡ ಕಲಾವಿದರು ಫ್ರೀ ಜಾಝಿನಲ್ಲಿ ಗಿಟಾರನ್ನು ಆರ್ಭಟಿಸುವಂತೆ ನುಡಿಸಿದರು. ಆ ಆರ್ಭಟಕ್ಕೆ ಅದರದೇ ಘನತೆ ಇದೆ, ಅದು ಸ್ಯಾಕ್ಸೊಫೋನಿನ ಕೂಗಿಗೆ ಗಿಟಾರ್ ಕೊಟ್ಟ ಉತ್ತರ. ಆದರೆ ಆ ದಾರಿಯಲ್ಲಿ ಸ್ವರಗಳು ಒಂದು ಪ್ರವಾಹವಾಗಿ ಬರುತ್ತವೆ, ನುಡಿಸುವವನ ಒಂದೊಂದು ತೀರ್ಮಾನವೂ ಬಿಡಿಬಿಡಿಯಾಗಿ ಕಿವಿಗೆ ಸಿಕ್ಕುವುದಿಲ್ಲ. ಕ್ಲೀನ್ ಟೋನಿನಲ್ಲಿ ಸಿಕ್ಕುತ್ತದೆ. ಅದಕ್ಕೇ ನನಗೆ ಅದು ಹೆಚ್ಚು ಪ್ರಿಯ.

ಈಗ ಈ ದಾರಿಯ ಮುಖ್ಯ ವ್ಯಕ್ತಿಯ ಬಳಿಗೆ ಬರುತ್ತೇನೆ. ಡೆರೆಕ್ ಬೇಲಿ ಹುಟ್ಟಿದ್ದು 1930ರಲ್ಲಿ, ಇಂಗ್ಲೆಂಡಿನ ಶೆಫೀಲ್ಡಿನಲ್ಲಿ. ಉಕ್ಕಿನ ಕಾರ್ಖಾನೆಗಳ ಊರು. ಹೊಟ್ಟೆಪಾಡಿಗೆ ಗಿಟಾರ್ ಹಿಡಿದವರು ಅವರು: ಡ್ಯಾನ್ಸ್ ಹಾಲ್, ರೇಡಿಯೊ ವಾದ್ಯವೃಂದ, ನಾಟಕದ ಥಿಯೇಟರು, ಕರೆದಲ್ಲೆಲ್ಲ ಹೋಗಿ ಜನ ಕೇಳಿದ ಹಾಡು ನುಡಿಸಿದವರು. 1963ರಲ್ಲಿ ಅದೇ ಊರಿನಲ್ಲಿ ಡ್ರಮ್ಸ್‌ನ ಟೋನಿ ಆಕ್ಸ್ಲಿ, ಬಾಸ್‌ನ ಗ್ಯಾವಿನ್ ಬ್ರಯರ್ಸ್ ಎಂಬ ತಮಗಿಂತ ಚಿಕ್ಕವರಿಬ್ಬರ ಜೊತೆ ಸೇರಿ 'ಜೋಸೆಫ್ ಹೋಲ್‌ಬ್ರೂಕ್' ಎಂಬ ತಂಡ ಕಟ್ಟಿದರು. ಒಂದು ಪಬ್ಬಿನ ಮಹಡಿಯ ಮೇಲೆ, ಶನಿವಾರದ ಮಧ್ಯಾಹ್ನಗಳಲ್ಲಿ ಇವರ ಕಛೇರಿ. ಮೊದಮೊದಲು ಎಲ್ಲರಂತೆ ಜಾಝ್ ಹಾಡುಗಳನ್ನೇ ನುಡಿಸುತ್ತಿದ್ದರು. ವಾರದಿಂದ ವಾರಕ್ಕೆ ಒಂದೊಂದನ್ನೇ ಕಳಚಿಟ್ಟರು: ಲಯದ ಕಟ್ಟು ಸಡಿಲವಾಯಿತು, ಸ್ವರಮೇಳದ ಕ್ರಮ ಹೋಯಿತು, ಕೊನೆಗೆ ಹಾಡೂ ಹೋಯಿತು. 1966ರ ಹೊತ್ತಿಗೆ ತಂಡ ಮುಗಿಯಿತು, ಬೇಲಿ ಲಂಡನ್ನಿಗೆ ಹೊರಟರು. ಯುರೋಪಿನ ಮುಕ್ತ ಸಂಗೀತದ ಒಂದು ಬೇರು ಇರುವುದು ದೊಡ್ಡ ರಾಜಧಾನಿಯ ಸಭಾಂಗಣದಲ್ಲಲ್ಲ, ಜಿಲ್ಲಾ ಕೇಂದ್ರದಂಥ ಒಂದು ಊರಿನ ಬಾಡಿಗೆ ಕೋಣೆಯಲ್ಲಿ. ಚಿತ್ರದುರ್ಗದಲ್ಲಿ ನಿಂತು ಇದನ್ನು ಹೇಳುವಾಗ ನನಗೆ ಸಂತೋಷವಾಗುತ್ತದೆ. ಇಲ್ಲಿರುವ ಕಾಲೇಜು ಹುಡುಗ ಹುಡುಗಿಯರು ಇದನ್ನು ನೆನಪಿಟ್ಟುಕೊಳ್ಳಲಿ.

ಬೇಲಿ ಅವರ ಕೈಯಲ್ಲಿ ಗಿಟಾರ್ ಏನಾಯಿತು? ಗಿಟಾರ್ ಅಭ್ಯಾಸಬಲದ ವಾದ್ಯ. ಎಡಗೈಯ ಬೆರಳುಗಳು ಒಂದು ಆಕಾರ ಕಲಿತರೆ ಅದೇ ಆಕಾರವನ್ನು ಮೇಲೆ ಕೆಳಗೆ ಜಾರಿಸಿದರೆ ಸಾಕು, ಸಂಗೀತ ಬಂದುಬಿಡುತ್ತದೆ. ಆ ಸುಲಭವನ್ನು ಅವರು ಒಲ್ಲೆನೆಂದರು. ಆಂಟನ್ ವೆಬೆರ್ನ್ ಎಂಬ ಆಸ್ಟ್ರಿಯಾದ ಸಂಗೀತ ರಚನಕಾರನ ಅತಿ ಚಿಕ್ಕ, ಅತಿ ಬಿಗಿಯಾದ ಕೃತಿಗಳನ್ನು ಮನಸ್ಸಿಟ್ಟು ಕೇಳಿದರು. ಮುಂದೆ ಅವರ ವಾದನದಲ್ಲಿ ಅಕ್ಕಪಕ್ಕದ ಸ್ವರಗಳು ಒಂದೇ ಸ್ಥಾಯಿಯಲ್ಲಿ ನಿಲ್ಲುವುದು ಕಡಿಮೆಯಾಯಿತು. ಒಂದು ಮಂದ್ರದಲ್ಲಿದ್ದರೆ ಮುಂದಿನದು ತಾರದಾಚೆ. ಒಂದು ಸ್ವರ ಬಿಟ್ಟ ತಂತಿಯದು, ಅದರ ಬೆನ್ನಿಗೆ ಬರುವುದು ಮೆಟ್ಟಿಲ ಮೇಲೆ ಒತ್ತಿದ್ದು, ಮೂರನೆಯದು ತಂತಿಯನ್ನು ಬೆರಳಿನಿಂದ ಮುಟ್ಟಿಯೂ ಮುಟ್ಟದಂತೆ ಹಿಡಿದು ಎಬ್ಬಿಸಿದ ಹಾರ್ಮೋನಿಕ್, ನಾಲ್ಕನೆಯದು ಅಂಗೈಯಿಂದ ಉಸಿರು ಕಟ್ಟಿಸಿದ ಗಿಡ್ಡ ಸದ್ದು.

ಕೇಳುಗರು ಗಮನ ಇಡಬೇಕಾದದ್ದು ಇಲ್ಲಿ. ಈ ನಾಲ್ಕು ಬಗೆಯ ಸ್ವರಗಳಿಗೆ ನಾಲ್ಕು ಬಗೆಯ ಆಯಸ್ಸಿದೆ. ಬಿಟ್ಟ ತಂತಿ ಬಹಳ ಹೊತ್ತು ಮೊಳಗುತ್ತದೆ. ಒತ್ತಿದ್ದು ಬೇಗ ಇಳಿಯುತ್ತದೆ. ಮೇಲಿನ ಮೆಟ್ಟಿಲುಗಳಲ್ಲಿ ಒತ್ತಿದ್ದು ಇನ್ನೂ ಬೇಗ. ಹಾರ್ಮೋನಿಕ್ ಕಿರುಗಂಟೆಯಂತೆ ತೆಳ್ಳಗೆ ನಿಲ್ಲುತ್ತದೆ. ಅದುಮಿದ್ದು ಹುಟ್ಟಿದಲ್ಲೇ ಮುಗಿಯುತ್ತದೆ. ಹಾಗಾಗಿ ಒಂದೇ ಬೀಸಿಗೆ ನುಡಿಸಿದ ನಾಲ್ಕು ಸ್ವರಗಳು ನಾಲ್ಕು ಬೇರೆ ಹೊತ್ತಿಗೆ ಕೊನೆಯಾಗುತ್ತವೆ. ಅವು ಹುಟ್ಟುವ ಕ್ರಮ ಒಂದು, ಮುಗಿಯುವ ಕ್ರಮ ಇನ್ನೊಂದು. ಈ ಎರಡನೆಯ ಕ್ರಮವೇ ಈ ಸಂಗೀತದ ಧಾಟಿ ಎಂದು ನಾನು ತಿಳಿದುಕೊಂಡಿದ್ದೇನೆ. ಸ್ವರ ಎದ್ದದ್ದನ್ನಷ್ಟೇ ಕೇಳುವವರಿಗೆ ಚೆಲ್ಲಾಪಿಲ್ಲಿ ಅನ್ನಿಸುವುದು, ಸ್ವರ ಮುಗಿಯುವುದನ್ನೂ ಕೇಳುವವರಿಗೆ ಜೋಡಣೆಯಾಗಿ ಕೇಳತೊಡಗುತ್ತದೆ.

(ಇಲ್ಲಿ ಡೆರೆಕ್ ಬೇಲಿ ಅವರ 'ಬ್ಯಾಲಡ್ಸ್' ಮುದ್ರಿಕೆಯ ಒಂದು ಭಾಗವನ್ನು ಕೇಳಿಸಲಾಯಿತು.)

ಈಗ ಕೇಳಿದ್ದು 2002ರಲ್ಲಿ ಜಾನ್ ಜೋರ್ನ್ ಅವರ ಜಾಡಿಕ್ ಸಂಸ್ಥೆ ಹೊರತಂದ ಮುದ್ರಿಕೆ. ಎಪ್ಪತ್ತು ದಾಟಿದ ಬೇಲಿ, ಹರೆಯದಲ್ಲಿ ಹೊಟ್ಟೆಪಾಡಿಗೆ ನುಡಿಸಿ ಆಮೇಲೆ ಕೈಬಿಟ್ಟ ಹಳೆಯ ಪ್ರೇಮಗೀತೆಗಳನ್ನು ಮತ್ತೆ ಹತ್ತಿರಕ್ಕೆ ಕರೆದಿದ್ದಾರೆ. ಹಾಡಿನ ಎರಡು ಸಾಲು ಬರುತ್ತದೆ, ನಿಮ್ಮಲ್ಲಿ ಕೆಲವರ ಮುಖ ಅರಳಿದ್ದನ್ನು ಕಂಡೆ. ಅಷ್ಟರಲ್ಲಿ ಅದು ಒಡೆದು ಬೇರೆಲ್ಲಿಗೋ ಹೋಗುತ್ತದೆ. ಹೊಸದಾಗಿ ಕೇಳುವವರು ಇಲ್ಲಿಂದ ಶುರುಮಾಡಲಿ ಎಂದೇ ಇದನ್ನು ಆರಿಸಿದೆ. ಧಾಟಿಯಿಂದ ಧಾಟಿಯಿಲ್ಲದ ಕಡೆಗೆ ಹೋಗುವ ಹಾದಿಯನ್ನು ನುಡಿಸುವವರೇ ಕೈಹಿಡಿದು ತೋರಿಸುವ ಮುದ್ರಿಕೆ ಇದು.

ಇಂಥದ್ದನ್ನು ಮಕ್ಕಳೂ ನುಡಿಸಬಹುದಲ್ಲ ಎಂಬ ಮಾತು ಪ್ರತಿ ಸಭೆಯಲ್ಲೂ ಬರುತ್ತದೆ. ಕೇಳುವವರ ಮೇಲೆ ಸಿಟ್ಟಾಗಬೇಕಿಲ್ಲ, ಉತ್ತರ ಕೊಡಬೇಕು. ಮಗುವಿನ ಕೈಯಲ್ಲಿ ಸ್ವರಗಳು ಹೇಗೋ ಬೀಳುತ್ತವೆ. ಒಂದು ಬಿದ್ದ ಮೇಲೆ ಇನ್ನೊಂದಕ್ಕೆ ಅದರ ನೆನಪಿರುವುದಿಲ್ಲ. ಬೇಲಿ ಅವರದನ್ನು ಹತ್ತು ನಿಮಿಷ ಬಿಡದೆ ಕೇಳಿ. ಮೂರನೆಯ ನಿಮಿಷದಲ್ಲಿ ಎತ್ತಿದ ಒಂದು ಹಾರ್ಮೋನಿಕ್ ಏಳನೆಯ ನಿಮಿಷದಲ್ಲಿ ಬೇರೆ ನೆರೆಹೊರೆಯಲ್ಲಿ ಕಾಣಿಸಿಕೊಳ್ಳಬಹುದು. ಬಿಟ್ಟ ತಂತಿಯೊಂದು ಪೂರ್ತಿ ಇಳಿಯುವ ತನಕ ಕೈ ಕಾಯುತ್ತದೆ. ಅಭ್ಯಾಸದ ಆಕಾರವೊಂದು ಬೆರಳಿಗೆ ಬಂದಾಗ ಅದನ್ನು ಅರ್ಧಕ್ಕೇ ಮುರಿಯುತ್ತದೆ. ಇದು ಹತ್ತಾರು ವರ್ಷ ಜನರ ಹಾಡು ನುಡಿಸಿ ಕೈ ಪಳಗಿಸಿಕೊಂಡವರಿಗೆ ಮಾತ್ರ ಸಾಧ್ಯವಾಗುವ ಎಚ್ಚರ. ಹೊರಗಿನ ಕಟ್ಟಿಲ್ಲದ ಕಡೆ ಒಳಗಿನ ಕಟ್ಟು ಎಷ್ಟು ಬಿಗಿಯಾಗಿರಬೇಕು ಎಂಬುದನ್ನು ಈ ಸ್ವಚ್ಛ ಸದ್ದು ಮರೆಮಾಚದೆ ತೋರಿಸಿಬಿಡುತ್ತದೆ. ಕೈ ತಪ್ಪಿದರೆ ಅದನ್ನೂ ತೋರಿಸುತ್ತದೆ.

ಈ ಹಾದಿಯ ಇನ್ನಿತರರ ಹೆಸರು ಹೇಳಿ ಮುಂದೆ ಹೋಗುತ್ತೇನೆ. ಆರ್ನೆಟ್ ಕೋಲ್ಮನ್ 1970ರ ದಶಕದಲ್ಲಿ ಎಲೆಕ್ಟ್ರಿಕ್ ತಂಡ ಕಟ್ಟಿದಾಗ ಅದರ ಎರಡು ಗಿಟಾರುಗಳಲ್ಲಿ ಒಂದು ಬರ್ನ್ ನಿಕ್ಸ್ ಅವರದು. ಸುತ್ತಲಿನ ಗದ್ದಲದ ನಡುವೆ ಅವರ ತಂತಿ ತಿಳಿಯಾಗಿ ಕೇಳುತ್ತದೆ. 1955ರಲ್ಲಿ ಹುಟ್ಟಿದ ಜೋ ಮಾರಿಸ್ ಯಾವ ಎಫೆಕ್ಟ್ ಪೆಡಲ್ಲನ್ನೂ ಮುಟ್ಟದೆ ಒಂದೊಂದೇ ಸ್ವರವನ್ನು ಉದ್ದುದ್ದ ಪೋಣಿಸುವವರು. ಪಶ್ಚಿಮ ಆಫ್ರಿಕದ ಕಥೆಗಾರ ಗಾಯಕರ ತಂತಿವಾದ್ಯಗಳಿಂದ ಬಹಳ ಕಲಿತವರು. ನಮ್ಮ ಕಾಲದ ಮೇರಿ ಹ್ಯಾಲ್ವರ್ಸನ್ ಅವರಿಗೆ 2019ರಲ್ಲಿ ಮ್ಯಾಕ್‌ಆರ್ಥರ್ ಫೆಲೋಶಿಪ್ ಬಂತು; ದೊಡ್ಡ ಮೈಯ ಪೊಳ್ಳು ಗಿಟಾರ್ ಅವರದು. ಪೊಳ್ಳು ಮೈಯ ಗಿಟಾರನ್ನು ಬಹಳ ಜೋರು ಮಾಡಿದರೆ ಆಂಪಿನ ಸದ್ದಿಗೆ ಅದರ ಮೈಯೇ ಕಂಪಿಸಿ ಊಳಿಡತೊಡಗುತ್ತದೆ, ಹಾಗಾಗಿ ಅದನ್ನು ಹದವಾದ ಸದ್ದಿನಲ್ಲೇ ನುಡಿಸಬೇಕು. ಕ್ಲೀನ್ ಟೋನಿನ ಕಛೇರಿಯಲ್ಲಿ ಜನ ಸ್ವಲ್ಪ ಮುಂದಕ್ಕೆ ಬಾಗಿ ಕೂರುವುದಕ್ಕೆ ಇದೂ ಒಂದು ಕಾರಣ.

ಹಾಗಾದರೆ ನಮಗೇಕೆ ಇದು ದೂರದ್ದಲ್ಲ ಎಂದೆ? ವೀಣೆ ಇರುವುದರಿಂದ. ಮೈಸೂರು ಬಾನಿಯ ವೀಣೆಯನ್ನು, ವೀಣೆ ಶೇಷಣ್ಣನವರಿಂದ (1852–1926) ವೆಂಕಟಗಿರಿಯಪ್ಪನವರ ಮೂಲಕ ದೊರೆಸ್ವಾಮಿ ಅಯ್ಯಂಗಾರ್ಯರವರೆಗೆ (1920–1997) ಬಂದ ಆ ನುಡಿಸಾಣಿಕೆಯನ್ನು, ಒಮ್ಮೆ ನೆನಪಿಸಿಕೊಳ್ಳಿ. ತಂತಿಯನ್ನು ವಿಪರೀತ ಎಳೆದು ಗಮಕ ತೆಗೆಯುವುದಕ್ಕಿಂತ ಮೀಟಿನ ಖಚಿತತೆಗೆ, ನಾದದ ತಿಳಿಗೆ ಅಲ್ಲಿ ಬೆಲೆ. ಮೇಣದಲ್ಲಿ ಕೂರಿಸಿದ 24 ಮೆಟ್ಟಿಲು, ನುಡಿಸುವ ತಂತಿ ನಾಲ್ಕು, ತಾಳದ ತಂತಿ ಮೂರು. ಮೀಟಿದ ಸ್ವರ ಇಳಿಯುತ್ತಿರುವಾಗ ತಾಳದ ತಂತಿ ಬಂದು ಅದಕ್ಕೆ ಆಸರೆ ಕೊಡುತ್ತದೆ. ರಾಗಾಲಾಪನೆ ಮುಗಿಸಿ ತಾನಕ್ಕೆ ಬಂದಾಗ ಏನಾಗುತ್ತದೆ? ಲಯವಿದೆ, ತಾಳವಿಲ್ಲ, ಸಾಹಿತ್ಯವಿಲ್ಲ, ಮೃದಂಗದವರು ಸುಮ್ಮನೆ ಕೂತು ಕೇಳುತ್ತಾರೆ, ಮುಂದಿನ ಮೀಟು ಎಲ್ಲಿ ಬೀಳುತ್ತದೆಂದು ನುಡಿಸುವವರಿಗೂ ಆ ಕ್ಷಣದವರೆಗೆ ಗೊತ್ತಿಲ್ಲ. ದೊರೆಸ್ವಾಮಿ ಅಯ್ಯಂಗಾರ್ಯರ ತಾನವನ್ನು ಆಕಾಶವಾಣಿಯಲ್ಲಿ ಕೇಳಿದ ತಲೆಮಾರಿನವರು ಇಲ್ಲಿದ್ದೀರಿ. ಆ ಹೊತ್ತಿನಲ್ಲಿ ನಿಮ್ಮ ಕಿವಿ ಮಾಡುತ್ತಿದ್ದ ಕೆಲಸವನ್ನೇ ಈ ಗಿಟಾರೂ ಬೇಡುತ್ತದೆ.

ವ್ಯತ್ಯಾಸವನ್ನು ಮುಚ್ಚಿಡಬಾರದು. ತಾನ ಎಷ್ಟು ದೂರ ಹೋದರೂ ರಾಗದ ಮನೆಯೊಳಗೇ ಇರುತ್ತದೆ. ಕೇಳುವವರಿಗೆ ಆ ಮನೆಯ ಬಾಗಿಲು, ಕಿಟಕಿ ಗೊತ್ತು. ನಮ್ಮ ಮನೋಧರ್ಮವೂ ಬೇಲಿ ಅವರ ಮುಕ್ತವಾದನವೂ ಒಂದೇ ಎಂದು ಭಾಷಣಗಳಲ್ಲಿ ಹೇಳುವುದುಂಟು. ಅದು ಎರಡಕ್ಕೂ ಮಾಡುವ ಅನ್ಯಾಯ. ಬೇಲಿ ಅವರಿಗೇ ಇದು ಚೆನ್ನಾಗಿ ತಿಳಿದಿತ್ತು. 1980ರಲ್ಲಿ ಅವರು ಆಶುವಾದನದ ಸ್ವರೂಪದ ಮೇಲೆ ಒಂದು ಪುಸ್ತಕ ಬರೆದರು. ಭಾರತೀಯ ಸಂಗೀತ, ಸ್ಪೇನಿನ ಫ್ಲಮೆಂಕೊ, ಚರ್ಚಿನ ಆರ್ಗನ್ ಎಲ್ಲವನ್ನೂ ಅದರಲ್ಲಿ ಗೌರವದಿಂದ ಪರಿಶೀಲಿಸಿದ್ದಾರೆ. ಒಂದು ಸಂಪ್ರದಾಯದ ನುಡಿಗಟ್ಟಿನೊಳಗೆ ನಡೆಯುವ ಆಶುವಾದನ ಬೇರೆ, ಯಾವ ನುಡಿಗಟ್ಟಿಗೂ ಕಟ್ಟುಬೀಳದ್ದು ಬೇರೆ ಎಂದು ಗೆರೆ ಎಳೆದಿದ್ದಾರೆ. ನನ್ನ ವಾದ ಇಷ್ಟೇ: ನುಡಿಸುವ ಬಗೆ ಬೇರೆಯಾದರೂ ಕೇಳುವ ಕಿವಿಯ ತಯಾರಿ ನಮ್ಮಲ್ಲಿ ಇದೆ.

ಬೆಂಗಳೂರು ಜಾಝಿಗೆ ಹೊಸ ಊರೂ ಅಲ್ಲ. ಟಿ.ಎ.ಎಸ್. ಮಣಿ ಅವರು 1964ರಲ್ಲಿ ಅಲ್ಲಿ ಸ್ಥಾಪಿಸಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡ, ಆರ್.ಎ. ರಮಾಮಣಿ ಅವರ ಗಾಯನದೊಡನೆ, ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ 1983ರಲ್ಲಿ ಜರ್ಮನಿಯಲ್ಲಿ 'ಜ್ಯೋತಿ' ಎಂಬ ಮುದ್ರಿಕೆ ಮಾಡಿತು. ಮರಿಯಾನೊ ನಾಗಸ್ವರದ ಮೋಹಕ್ಕೆ ಬಿದ್ದು ದಕ್ಷಿಣ ಭಾರತಕ್ಕೆ ಬಂದು ಅದನ್ನು ಕಲಿತವರು. ಗಿಟಾರಿನ ವಿಷಯಕ್ಕೆ ಬಂದರೆ, 'ಸಂಸ್ಕಾರ' ಸಿನಿಮಾದ ಪಟ್ಟಾಭಿರಾಮ ರೆಡ್ಡಿ ಮತ್ತು ಸ್ನೇಹಲತಾ ರೆಡ್ಡಿ ಅವರ ಮಗ ಕೋನಾರ್ಕ್ ರೆಡ್ಡಿ ಬೆಂಗಳೂರಿನಲ್ಲಿ ಆ ವಾದ್ಯವನ್ನೇ ಬದುಕಾಗಿಸಿಕೊಂಡವರು. ಕೇಳಿಸಲು ಇನ್ನೂ ಇದೆ, ಸಮಯ ಸಾಲದು.

ಕೇಳುವ ಬಗೆಗೆ ಬರೋಣ, ಒಂದು ಹೋಲಿಕೆಯಿಂದ. ಈ ಕಣಿವೆಯಲ್ಲೇ, ಭೈರವೇಶ್ವರ ದೇವಾಲಯದ ಬಳಿಯ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಪ್ರಾಕೃತ ಶಾಸನವಿದೆ. ಕೆರೆಯ ಕೆಲಸ ಮಾಡಿಸಿದ ಸಂಗತಿ ಅದರಲ್ಲಿದೆ. 1929ರಲ್ಲಿ ಇಲ್ಲಿ ಉತ್ಖನನ ಮಾಡಿಸಿದ ಡಾ. ಎಂ.ಎಚ್. ಕೃಷ್ಣ ಅವರು ಅದನ್ನು ಓದಿ ಪ್ರಕಟಿಸಿದರು. ಸವೆದ ಅಕ್ಷರಗಳು, ಮುಂದೆ ಬಂದ ವಿದ್ವಾಂಸರು ಹಲವೆಡೆ ಆ ಓದನ್ನು ಒಪ್ಪಲಿಲ್ಲ. ಇಂಥ ಬಂಡೆಯ ಮುಂದೆ ಕೂತವರಿಗೆ ಒಂದು ಸೆಳೆತ ಇದ್ದೇ ಇರುತ್ತದೆ: ಅರ್ಧ ಕಾಣುವ ಗೆರೆಗೆ ತಮಗೆ ಗೊತ್ತಿರುವ ಅಕ್ಷರವನ್ನು ತುಂಬಿಬಿಡುವುದು. ಮುಕ್ತ ಸಂಗೀತ ಕೇಳುವಾಗ ನಮ್ಮ ಕಿವಿಯೂ ಹಾಗೇ ಮಾಡುತ್ತದೆ. ಎರಡು ಸ್ವರ ಸಿಕ್ಕರೆ ಮೂರನೆಯದನ್ನು ತಾನೇ ತುಂಬಿಕೊಂಡು ಯಾವುದೋ ರಾಗದ ನೆರಳು ಕಾಣುತ್ತದೆ. ನಾಲ್ಕನೆಯದು ಅದಕ್ಕೆ ಹೊಂದದಿದ್ದಾಗ ನುಡಿಸುವವರ ಮೇಲೆ ಮುನಿಯುತ್ತದೆ. ತುಂಬಿಕೊಳ್ಳದೆ, ಇದ್ದಷ್ಟನ್ನೇ ಓದುವ ಸಂಯಮ ಬೇಕು.

ಅದಕ್ಕೆ ಕೆಲವು ಉಪಾಯಗಳನ್ನು ನಾನು ಪಾಲಿಸುತ್ತೇನೆ. ಸದ್ದನ್ನು ಕೋಣೆಯಲ್ಲಿ ಒಬ್ಬರು ಕೂತು ನುಡಿಸಿದಷ್ಟೇ ಇಡಬೇಕು, ಅದಕ್ಕಿಂತ ಜೋರು ಬೇಡ. ಅತಿ ಹೆಚ್ಚು ಹೊತ್ತು ಮೊಳಗುವ ಸ್ವರವೊಂದನ್ನು ಹಿಡಿದು, ಉಳಿದವು ಏನೇ ಮಾಡುತ್ತಿರಲಿ, ಅದು ಕೇಳದಾಗುವ ತನಕ ಅದರ ಜೊತೆಗೇ ಇರಬೇಕು. ಆಮೇಲೆ ಇನ್ನೊಂದು. ಮೊದಲ ದಿನ ಮೂರು ನಾಲ್ಕು ನಿಮಿಷ ಸಾಕು. ಅದೇ ಮೂರು ನಾಲ್ಕು ನಿಮಿಷವನ್ನು ಮರುದಿನವೂ ಕೇಳಬೇಕು, ಹೊಸದಕ್ಕೆ ಹಾರಬಾರದು. ಮೀಟುವ ಬಿಲ್ಲೆ, ಅಂದರೆ ಪಿಕ್ಕು, ತಂತಿಗೆ ತಾಗುವ ಟಕ್ಕೆನ್ನುವ ಸದ್ದು, ಬೆರಳು ತಂತಿಯ ಮೇಲೆ ಜಾರುವ ಕಿರ್ರೆನ್ನುವ ಸದ್ದು, ಕುರ್ಚಿಯ ಕಿರುಗುಟ್ಟು ಇವನ್ನೆಲ್ಲ ದೋಷವೆಂದು ತಳ್ಳಬಾರದು. ಅವೂ ಆ ಸಂಗೀತದ್ದೇ.

ಬೇಲಿ ಅವರ ಕೊನೆಯ ಮುದ್ರಿಕೆಯ ವಿಷಯ ಹೇಳದೆ ಅವರನ್ನು ಬಿಟ್ಟುಹೋಗಲಾರೆ. ಕೊನೆಯ ವರ್ಷಗಳಲ್ಲಿ ಅವರು ಸ್ಪೇನಿನ ಬಾರ್ಸೆಲೋನಾದಲ್ಲಿದ್ದರು. ಬಲಗೈ ಸೋಲತೊಡಗಿತು, ಹೆಬ್ಬೆರಳು ತೋರುಬೆರಳಿನ ನಡುವೆ ಪಿಕ್ ನಿಲ್ಲದಾಯಿತು. ಮಣಿಕಟ್ಟಿನ ಕಾರ್ಪಲ್ ಟನಲ್ ತೊಂದರೆ ಎಂದರು ವೈದ್ಯರು, ಶಸ್ತ್ರಚಿಕಿತ್ಸೆಯ ಮಾತೂ ಬಂತು. ಅವರು ಅದನ್ನು ಬಯಸಲಿಲ್ಲ. ಪಿಕ್ಕಿಲ್ಲದೆ, ಹೆಬ್ಬೆರಳಿನಿಂದ ಗಿಟಾರನ್ನು ಹೊಸದಾಗಿ ಕಲಿಯಲು ಕೂತರು, ಕಲಿಕೆಯನ್ನೇ ಮುದ್ರಿಸಿದರು. 2005ರ 'ಕಾರ್ಪಲ್ ಟನಲ್' ಎಂಬ ಆ ಮುದ್ರಿಕೆಯ ತುಣುಕುಗಳ ಹೆಸರುಗಳು 'ಮೂರು ವಾರಗಳ ಬಳಿಕ', 'ಐದು ವಾರಗಳ ಬಳಿಕ' ಎಂದು ಹನ್ನೆರಡು ವಾರದವರೆಗೆ ಹೋಗುತ್ತವೆ. ಮೊದಲ ತುಣುಕಿನಲ್ಲಿ ನುಡಿಸುತ್ತಲೇ ತಮ್ಮ ಕೈಯ ಸ್ಥಿತಿಯನ್ನು ಮಾತಿನಲ್ಲಿ ವಿವರಿಸುತ್ತಾರೆ. ಹಿಂದಿನ ವೇಗವಿಲ್ಲ, ಹಿಂದಿನ ಚೂಪೂ ಇಲ್ಲ. ಬೆರಳಿನ ಮಾಂಸ ತಂತಿಗೆ ತಾಗುವ ದುಂಡು ಸದ್ದು, ಒಂದು ಸ್ವರ, ಬಹಳ ಹೊತ್ತಿನ ಮೇಲೆ ಇನ್ನೊಂದು. ಕಾಯಿಲೆ ಅಸಲಿಗೆ ಅದಲ್ಲ, ನರಮಂಡಲದ ಇನ್ನೂ ಭಾರವಾದದ್ದು ಎಂದು ಆಮೇಲೆ ಗೊತ್ತಾಯಿತು. 2005ರ ಡಿಸೆಂಬರ್ 25ರಂದು ಲಂಡನ್ನಿನಲ್ಲಿ ತೀರಿಕೊಂಡರು.

ಡಿಸ್ಟಾರ್ಷನ್ ಪೆಡಲ್ಲಿನ ಮೇಲೆ ಕಾಲಿಟ್ಟಿದ್ದರೆ ಆ ಸೋತ ಕೈಯ ಸದ್ದು ಸೊಗಸಾಗಿ, ದಪ್ಪವಾಗಿ, ಉದ್ದವಾಗಿ ಬರುತ್ತಿತ್ತು. ಒಂದು ಮೀಟಿಗೂ ಇನ್ನೊಂದಕ್ಕೂ ನಡುವಿನ ಬಲದ ವ್ಯತ್ಯಾಸ ಯಾರಿಗೂ ತಿಳಿಯುತ್ತಿರಲಿಲ್ಲ. ಅವರು ಇಡಲಿಲ್ಲ. ಮೂರನೆಯ ವಾರಕ್ಕೂ ಹನ್ನೆರಡನೆಯ ವಾರಕ್ಕೂ ನಡುವೆ ಹೆಬ್ಬೆರಳು ಏನೇನು ಕಲಿಯಿತು ಎಂಬುದು ನಮಗೆ ಇಂದಿಗೂ ಕೇಳುವುದು ಆ ನಿರ್ಧಾರದಿಂದ. ಈ ಮುದ್ರಿಕೆಯನ್ನು ನಾನು ಯಾವ ದೊಡ್ಡ ಕಛೇರಿಗೂ ಬದಲಾಗಿ ಕೊಡಲಾರೆ.

(ಇಲ್ಲಿ 'ಕಾರ್ಪಲ್ ಟನಲ್' ಮುದ್ರಿಕೆಯ ಒಂದು ತುಣುಕನ್ನು ಪೂರ್ತಿಯಾಗಿ ಕೇಳಿಸಲಾಯಿತು.)

ಇದನ್ನು ಕೇಳಿದ ಕಿವಿಯಲ್ಲೇ ನಮ್ಮ ಜಿಲ್ಲೆಯ ಒಂದು ಸದ್ದಿನ ಬಗ್ಗೆ ಮಾತಾಡಬೇಕು. ಹಿರಿಯೂರು, ಚಳ್ಳಕೆರೆ, ಪಕ್ಕದ ಶಿರಾ ಸೀಮೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಗಣೆ ಊದುವವರಿದ್ದಾರೆ. ಉದ್ದನೆಯ ಬಿದಿರಿನ ವಾದ್ಯ. ಅವರು ಆರಾಧಿಸುವ ಜುಂಜಪ್ಪನ ಕಾವ್ಯ ಹಾಡುವಾಗ ಅದು ಬೇಕೇ ಬೇಕು. ಊದಿ, ನಿಲ್ಲಿಸಿ, ಹಾಡಿ, ಮತ್ತೆ ಊದುವ ಕ್ರಮ. ಊದುವ ಉಸಿರು ಸ್ವರದಷ್ಟೇ ಕೇಳುತ್ತದೆ. ಎಷ್ಟು ಹೊತ್ತು ಊದಬೇಕು, ಎಲ್ಲಿ ಮಾತಿಗೆ ತಿರುಗಬೇಕು ಎಂಬುದನ್ನು ಕಥೆ, ರಾತ್ರಿ, ಎದುರು ಕೂತ ಜನ ಇವು ಸೇರಿ ತೀರ್ಮಾನಿಸುತ್ತವೆ. ಅದು ಆರಾಧನೆ, ಕುಲದ ನೆನಪು; ಅದನ್ನು ಫ್ರೀ ಜಾಝ್ ಎಂದು ಕರೆಯುವ ಹಕ್ಕು ನನಗಿಲ್ಲ, ಕರೆಯುವುದೂ ಇಲ್ಲ. ಆದರೆ ಬೇಲಿ ಅವರ ಹೆಬ್ಬೆರಳಿಗೆ ಕೊಟ್ಟ ಮರ್ಯಾದೆಯನ್ನು ಗಣೆಯವರ ಉಸಿರಿಗೆ ನಾವು ಕೊಡುತ್ತಿದ್ದೇವೆಯೇ ಎಂದು ಕೇಳುತ್ತೇನೆ. ಜನಪದದ ಹಾಡುಗಳು ಸ್ಟುಡಿಯೊದಿಂದ ಹೊರಬರುವಾಗ ಎಕೋ ಸೇರಿರುತ್ತದೆ, ಕೀಬೋರ್ಡ್ ಹಾಸಿರುತ್ತದೆ, ರಿದಮ್ ಪ್ಯಾಡ್ ಒಂದೇ ನಡೆಯಲ್ಲಿ ಬಡಿಯುತ್ತಿರುತ್ತದೆ. ಉಸಿರು ಎಲ್ಲಿ ಮುಗಿಯಿತೆಂದು ಕೇಳಿಸದಂತೆ ಅದರ ಮೇಲೆ ಇನ್ನೊಂದು ಸದ್ದು ಬಂದಿರುತ್ತದೆ. ಚಂದ ಮಾಡಬೇಕೆಂಬ ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಾರೆ. ಆದರೂ ಅಲ್ಲಿ ಕಳೆದುಹೋಗುವುದು ನುಡಿಸುವವರೇ.

ಆದ್ದರಿಂದ ದತ್ತಿಯ ಸಮಿತಿಯವರಲ್ಲಿ ಒಂದು ಕೋರಿಕೆ ಇಡುತ್ತೇನೆ. ಬರುವ ವರ್ಷದ ಬಡ್ಡಿ ಹಣದಲ್ಲಿ ಉಪನ್ಯಾಸಕ್ಕೆ ಕೊಡುವುದನ್ನು ತಡೆದು, ಜಿಲ್ಲೆಯ ಗಣೆಯ ಕಲಾವಿದರನ್ನು ಅವರವರ ಹಟ್ಟಿಯಲ್ಲೇ ಮುದ್ರಿಸಲು ಬಳಸಿ. ಅವರ ಒಪ್ಪಿಗೆ ಪಡೆದು, ಸಂಭಾವನೆಯನ್ನು ಮೊದಲೇ ಕೈಗಿಟ್ಟು, ಮುದ್ರಿಸಿದ್ದರ ಒಂದು ಪ್ರತಿ ಆ ಮನೆಯಲ್ಲೂ ಒಂದು ಪ್ರತಿ ಜಿಲ್ಲಾ ಗ್ರಂಥಾಲಯದಲ್ಲೂ ಇರುವಂತೆ ಮಾಡಿ. ಒಂದು ಜೊತೆ ಒಳ್ಳೆಯ ಮೈಕ್ ಸಾಕು. ಊದುವವರಿಂದ ಎರಡು ಮೂರು ಅಡಿ ದೂರದಲ್ಲಿ ಇಡಿ, ಬಾಯಿಗೆ ಹತ್ತಿಸಬೇಡಿ. ಎಕೋ ಬೇಡ, ತಾಳ ಸೇರಿಸುವುದು ಬೇಡ, ಕೆಮ್ಮು ಬಂದರೆ ಕತ್ತರಿಸುವುದು ಬೇಡ. ಹಾಡು ನಿಂತ ಮೇಲೂ ಯಂತ್ರವನ್ನು ಕೂಡಲೇ ಆರಿಸಬೇಡಿ. ಅವರು ಗಣೆಯನ್ನು ಕೆಳಗಿಟ್ಟು ಮಾತಾಡತೊಡಗುವ ತನಕ ಓಡಲಿ. ಈ ಕೆಲಸಕ್ಕೆ ಮೈಕ್ ಹೊರಲು ಬರುವ ಹುಡುಗ ಹುಡುಗಿಯರು ಸಭೆ ಮುಗಿದ ಮೇಲೆ ನನ್ನ ಹತ್ತಿರ ಹೆಸರು ಕೊಡಿ. ಮುದ್ರಿಕೆಗಳನ್ನು ಕೇಳಿಸಿದ ಯಂತ್ರವನ್ನೂ ಗಿಟಾರಿನ ಮುದ್ರಿಕೆಗಳ ಪಟ್ಟಿಯನ್ನೂ ಇಲ್ಲೇ ಮೇಜಿನ ಮೇಲೆ ಇಟ್ಟಿರುತ್ತೇನೆ. ಮತ್ತೊಮ್ಮೆ ಕೇಳಬೇಕೆನ್ನುವವರು ಸಂಜೆಯವರೆಗೂ ಕೂತು ಕೇಳಬಹುದು.